ವೆಂಟಿಲೇಟರ್ ಒತ್ತಡ, ಮಲಗಿಸುವ ಭಂಗಿ, ಶ್ವಾಸಕೋಶದ ರಕ್ತ: ಐಸಿಯು ಬಾಗಿಲಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನ ಒಂದು ಐಸಿಯುನಲ್ಲಿ ನರ್ಸ್. ಊರು ಮಂಡ್ಯದ ಕಡೆ, ನಾಲೆ ಬಯಲಿನ ಹಳ್ಳಿ. ಸಂಜೆ ರೋಗಿಯನ್ನು ನೋಡಲು ಬಿಡುವ ಹೊತ್ತಿನಲ್ಲಿ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ತರಹ ಇರುತ್ತವೆ. ನಿಂತ ಕಾಲಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ಕಳಿಸಿ, ಆಮೇಲೆ ಬೇಜಾರು ಪಟ್ಟುಕೊಂಡಿದ್ದೇನೆ. ಅದಕ್ಕೇ ಇಲ್ಲಿ ನಿಧಾನವಾಗಿ ಬರೆದಿದ್ದೇನೆ. ನಿಮ್ಮವರಿಗೆ ಏನು ಮಾಡಬೇಕು ಅನ್ನುವುದನ್ನು ಅವರನ್ನು ನೋಡುತ್ತಿರುವ ಡಾಕ್ಟರೇ ತೀರ್ಮಾನಿಸುತ್ತಾರೆ. ಅವರು ಹೇಳುವ ಮಾತು ನಿಮಗೆ ಅರ್ಥವಾಗಲಿ ಅಂತ ಇದು.

ಗಾಳಿಯನ್ನು ಮೆಷಿನ್ ಕೊಡ್ತಿದೆ ಅಲ್ವಾ, ರಕ್ತದ ಮಾತು ಯಾಕೆ ಬಂತು?

ಗಾಳಿ ಒಳಗೆ ಹೋದರೆ ಅರ್ಧ ಕೆಲಸ ಅಷ್ಟೇ. ಆ ಗಾಳಿಯ ಪಕ್ಕದಲ್ಲೇ ರಕ್ತ ಹರಿಯಬೇಕು. ಆಗಲೇ ಆಕ್ಸಿಜನ್ ರಕ್ತಕ್ಕೆ ಸೇರುತ್ತದೆ.

ನಮ್ಮ ಕಡೆ ಗದ್ದೆಗೆ ನೀರು ಕಟ್ಟುವವರಿಗೆ ಇದು ಬೇಗ ಹಿಡಿಸುತ್ತದೆ. ಪೈರು ಒಂದು ಗದ್ದೆಯಲ್ಲಿದ್ದು ನೀರು ಇನ್ನೊಂದು ಗದ್ದೆಗೆ ಹೋದರೆ ನಾಲೆ ತುಂಬ ನೀರಿದ್ದೂ ಪೈರು ಒಣಗುತ್ತದೆ. ಶ್ವಾಸಕೋಶದಲ್ಲೂ ಅಷ್ಟೇ. ಗಾಳಿ ಇರುವ ಕಡೆ ರಕ್ತ ಇಲ್ಲದಿದ್ದರೆ ಆ ಗಾಳಿ ದಂಡ. ರಕ್ತ ಇರುವ ಕಡೆ ಗಾಳಿ ಇಲ್ಲದಿದ್ದರೆ ಆ ರಕ್ತ ಹೇಗೆ ಬಂತೋ ಹಾಗೇ, ಆಕ್ಸಿಜನ್ ಇಲ್ಲದೆ, ವಾಪಸ್ ಹೃದಯಕ್ಕೆ ಹೋಗುತ್ತದೆ.

ಮೈಯ ಅಷ್ಟೂ ರಕ್ತ ಶ್ವಾಸಕೋಶದ ಮೂಲಕವೇ ಹಾದು ಹೋಗಬೇಕು. ಸುಮ್ಮನೆ ಕೂತಿರುವ ದೊಡ್ಡವರಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್. ಆದರೆ ಗಾಳಿಚೀಲಗಳ (ಉಸಿರಿನ ಗಾಳಿ ಕೊನೆಗೆ ತಲುಪುವ ಶ್ವಾಸಕೋಶದ ಪುಟ್ಟ ಚೀಲಗಳು) ಸುತ್ತ ಇರುವ ಕೂದಲಿಗಿಂತ ಸಣ್ಣ ನಾಳಗಳಲ್ಲಿ ಯಾವುದೇ ಗಳಿಗೆಯಲ್ಲಿ ಇರುವುದು 70ರಿಂದ 100 ಎಂಎಲ್ ಮಾತ್ರ, ಒಂದು ಸಣ್ಣ ಲೋಟ ಕಾಫಿಯಷ್ಟು. ಅಷ್ಟು ರಕ್ತ 50ರಿಂದ 100 ಚದರ ಮೀಟರ್ ಜಾಗಕ್ಕೆ ತೆಳ್ಳಗೆ ಹರಡಿಕೊಂಡಿರುತ್ತದೆ. ಒಂದು ಕೆಂಪು ರಕ್ತಕಣ ಅಲ್ಲಿ ಇರುವುದು ಮುಕ್ಕಾಲು ಸೆಕೆಂಡ್. ಅಷ್ಟರಲ್ಲೇ ಕೆಲಸ ಮುಗಿಯಬೇಕು.

ಹೇಗೆ ಮಲಗಿದ್ದಾರೆ ಅನ್ನುವುದರಿಂದ ಲಂಗ್ಸ್ ಒಳಗಿನ ರಕ್ತಕ್ಕೆ ಏನಾಗುತ್ತೆ?

ತುಂಬಾ ಆಗುತ್ತದೆ. ಯಾಕೆಂದರೆ ಅಲ್ಲಿನ ಬಿಪಿ ಬಹಳ ಕಡಿಮೆ. ನಾವು ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ 120/80. ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳದಲ್ಲಿ ಅದು 25/10ರ ಆಸುಪಾಸು, ಸರಾಸರಿ 15 ಅನ್ನಿ. ನೇರ ಕೂತಾಗ ಶ್ವಾಸಕೋಶದ ಬುಡದಿಂದ ತುದಿಗೆ ಸುಮಾರು 30 ಸೆಂ.ಮೀ. ಎತ್ತರ. ಅಷ್ಟೆತ್ತರದ ರಕ್ತದ ಕಂಬಕ್ಕೇ 23 ಮಿ.ಮೀ. ಪಾದರಸದಷ್ಟು ಒತ್ತಡ ಬರುತ್ತದೆ. ಅಂದರೆ ಮೇಲಿನ ತುದಿಗೆ ರಕ್ತ ಏರುವುದೇ ಕಷ್ಟ.

ಮೈಸೂರಿನಲ್ಲಿ ಮನೆ ಮಾಡಿದವರಿಗೆ ಗೊತ್ತು. ಕಾರ್ಪೊರೇಷನ್ ನೀರು ಬಿಟ್ಟಾಗ ಅಂಗಳದ ನಲ್ಲಿಯಲ್ಲಿ ಧೋ ಅಂತ ಬರುತ್ತದೆ, ಮಹಡಿ ಮೇಲಿನ ನಲ್ಲಿಯಲ್ಲಿ ತೊಟ್ಟಿಕ್ಕುತ್ತದೆ. ಅದೇ ಪೈಪು, ಅದೇ ನೀರು. ಶ್ವಾಸಕೋಶವೂ ಹಾಗೇ. ಕೂತಾಗ ಬುಡಕ್ಕೆ ಜಾಸ್ತಿ, ಅಂಗಾತ ಮಲಗಿದಾಗ ಬೆನ್ನಿನ ಕಡೆಗೆ ಜಾಸ್ತಿ, ಮಗ್ಗುಲಾದರೆ ಕೆಳಗಿರುವ ಶ್ವಾಸಕೋಶಕ್ಕೆ ಜಾಸ್ತಿ.

ಕೂತ ಮನುಷ್ಯನ ಶ್ವಾಸಕೋಶವನ್ನು ಅಡ್ಡಡ್ಡ ಒಂಬತ್ತು ಹೋಳು ಮಾಡಿದಂತೆ ಊಹಿಸಿಕೊಳ್ಳಿ. ಕೆಳಗಿನ ಹೋಳಿಗೆ ನಿಮಿಷಕ್ಕೆ ಒಂದೂಕಾಲು ಲೀಟರಿಗೂ ಜಾಸ್ತಿ ರಕ್ತ ಹೋದರೆ, ಮೇಲಿನ ಹೋಳಿಗೆ ಹೋಗುವುದು 70 ಎಂಎಲ್ ಅಷ್ಟೇ. ಮೇಲೆ ರಕ್ತ ಕಡಿಮೆ, ಹಾಗಾಗಿ ಬಳಕೆಯಾಗದ ಆಕ್ಸಿಜನ್ ಅಲ್ಲೇ ಜಾಸ್ತಿ ಉಳಿಯುತ್ತದೆ. ದೊಡ್ಡವರಲ್ಲಿ ಟಿಬಿ ಶ್ವಾಸಕೋಶದ ಮೇಲ್ತುದಿಯನ್ನೇ ಹಿಡಿಯಲು ಇದೂ ಒಂದು ಕಾರಣ, ಆ ರೋಗಾಣುವಿಗೆ ಆಕ್ಸಿಜನ್ ಬೇಕು. ಕೆಆರ್‌ಎಸ್ ರಸ್ತೆಯ ಹಳೇ ಟಿಬಿ ಆಸ್ಪತ್ರೆಯ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ಈ ವಿಷಯ ನೆನಪಾಗುತ್ತದೆ.

ಡಾಕ್ಟರು "ಝೋನ್ ಒಂದು, ಝೋನ್ ಎರಡು" ಅಂತಾರೆ. ಏನದು?

ಇದು 1964ರಲ್ಲಿ ಜಾನ್ ವೆಸ್ಟ್ ಮತ್ತು ಅವರ ಜೊತೆಗಾರರು ವಿವರಿಸಿದ ಲೆಕ್ಕ. ಮೂರು ಒತ್ತಡಗಳ ನಡುವಿನ ಪೈಪೋಟಿ ಅನ್ನಬಹುದು: ಗಾಳಿಚೀಲದ ಒಳಗಿನ ಗಾಳಿ, ರಕ್ತ ತರುವ ನಾಳ, ರಕ್ತ ಒಯ್ಯುವ ನಾಳ.

ಗಾಳಿಯ ಒತ್ತಡ ಎರಡೂ ನಾಳಗಳಿಗಿಂತ ಜಾಸ್ತಿಯಾದರೆ ನಡುವಿನ ಸಣ್ಣ ನಾಳ ಅಪ್ಪಚ್ಚಿಯಾಗುತ್ತದೆ. ರಕ್ತ ಹರಿಯುವುದೇ ಇಲ್ಲ. ಅದು ಝೋನ್ ಒಂದು. ಆರೋಗ್ಯವಂತರಲ್ಲಿ ಇದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ತರುವ ನಾಳದ ಒತ್ತಡ ಗಾಳಿಗಿಂತ ಜಾಸ್ತಿ, ಆದರೆ ಒಯ್ಯುವ ನಾಳದ್ದು ಗಾಳಿಗಿಂತ ಕಡಿಮೆ. ಅದು ಝೋನ್ ಎರಡು. ಇಲ್ಲಿ ಶಿವನಸಮುದ್ರ ನೆನಪಿಸಿಕೊಳ್ಳಿ. ಗಗನಚುಕ್ಕಿಯಲ್ಲಿ ಎಷ್ಟು ನೀರು ಧುಮುಕುತ್ತದೆ ಅನ್ನುವುದು ಮೇಲಿನಿಂದ ಬರುವ ಹೊಳೆಯನ್ನೂ ಬಂಡೆಯ ಅಂಚಿನ ಎತ್ತರವನ್ನೂ ಅವಲಂಬಿಸಿದೆ. ಕೆಳಗಿನ ಮಡುವಿನಲ್ಲಿ ನೀರು ಎರಡಡಿ ಇಳಿದರೆ ಮೇಲಿನಿಂದ ಜಾಸ್ತಿ ನೀರು ಬೀಳುವುದಿಲ್ಲ. ಶರೀರಶಾಸ್ತ್ರದವರೂ ಇದನ್ನು ಜಲಪಾತಕ್ಕೇ ಹೋಲಿಸುತ್ತಾರೆ. ಗಾಳಿಯ ಒತ್ತಡವೇ ಇಲ್ಲಿ ಬಂಡೆಯ ಅಂಚು. ವೆಂಟಿಲೇಟರ್ ಒತ್ತಡ ಏರಿಸಿದರೆ ಆ ಅಂಚನ್ನು ಎತ್ತರಿಸಿದ ಹಾಗೆ.

ಎರಡೂ ನಾಳಗಳ ಒತ್ತಡ ಗಾಳಿಗಿಂತ ಜಾಸ್ತಿ ಇರುವ ಕೆಳಭಾಗ ಝೋನ್ ಮೂರು. ಅಲ್ಲಿ ನಾಳಗಳು ಸದಾ ತೆರೆದಿರುತ್ತವೆ.

ಈ ಗಡಿಗಳು ಒಂದು ಕಡೆ ನಿಲ್ಲುವುದಿಲ್ಲ. ರೋಗಿಯನ್ನು ಹೊರಳಿಸಿದರೆ ಜರುಗುತ್ತವೆ, ರಕ್ತ ಹೋಗಿ ಬಿಪಿ ಬಿದ್ದರೆ ಜರುಗುತ್ತವೆ, ಮೆಷಿನ್ ಒತ್ತಡ ಏರಿಸಿದರೆ ಜರುಗುತ್ತವೆ.

ಸ್ಕ್ರೀನ್ ಮೇಲೆ ಪೀಪ್ 5 ಇದ್ದದ್ದು ಇವತ್ತು 12 ಆಗಿದೆ. ಕಾಯಿಲೆ ಜಾಸ್ತಿ ಆಯ್ತಾ?

ಆ ನಂಬರನ್ನು ಪರೀಕ್ಷೆಯ ಮಾರ್ಕ್ಸ್ ತರಹ ನೋಡಬೇಡಿ. ನಾವು ಉಸಿರು ಬಿಟ್ಟಾಗ ಶ್ವಾಸಕೋಶ ಸ್ವಲ್ಪ ಕುಗ್ಗುತ್ತದೆ. ಕಾಯಿಲೆಯಿಂದ ಒದ್ದೆಯಾಗಿ ಭಾರವಾದ ಶ್ವಾಸಕೋಶದಲ್ಲಿ ಚೀಲಗಳು ಪೂರ್ತಿ ಮುಚ್ಚಿಕೊಳ್ಳುತ್ತವೆ. ಹಾಗೆ ಮುಚ್ಚದಂತೆ ಉಸಿರು ಬಿಟ್ಟ ಮೇಲೂ ಒಳಗೆ ಒಂದಿಷ್ಟು ಒತ್ತಡ ಉಳಿಸುತ್ತೇವೆ. ಅದೇ ಪೀಪ್.

ಎಷ್ಟು ಒತ್ತಡ ಅಂತ ಗೊತ್ತಾಗಬೇಕಾದರೆ ಉದ್ದನೆಯ ಲೋಟದಲ್ಲಿ ನೀರು ತುಂಬಿ, ಸ್ಟ್ರಾವನ್ನು 10 ಸೆಂ.ಮೀ. ಆಳಕ್ಕೆ ಇಟ್ಟು ಊದಿ ನೋಡಿ. ತುದಿಯಲ್ಲಿ ಗುಳ್ಳೆ ಬರಲು ಬೇಕಾಗುವ ಒತ್ತಡ ಇದೆಯಲ್ಲ, ಅದು ಪೀಪ್ 10. ಪಾದರಸದ ಲೆಕ್ಕದಲ್ಲಿ ಸುಮಾರು 7 ಮಿ.ಮೀ. ಶ್ವಾಸಕೋಶದ ನಾಳದ ಸರಾಸರಿ 15 ಅಂತ ಆಗಲೇ ಹೇಳಿದೆ. ಕೆನ್ನೆ ಉಬ್ಬಿಸಿ ಊದುವ ಆ ಒತ್ತಡ ಸಣ್ಣದಲ್ಲ ಅಂತ ಈಗ ಅನ್ನಿಸುತ್ತೆ ಅಲ್ವಾ?

ಎಷ್ಟಿಟ್ಟಾಗ ಇವರ ಶ್ವಾಸಕೋಶ ತೆರೆದಿರುತ್ತದೆ, ಇವರ ಬಿಪಿ ತಡೆಯುತ್ತದೆ ಅಂತ ಹುಡುಕುತ್ತಾ ನಂಬರ್ ಏರಿಸಿ ಇಳಿಸಿ ನೋಡುತ್ತಾರೆ. 12 ಆಗಿದ್ದಕ್ಕೆ ಕಾರಣ ಏನು ಅಂತ ಡಾಕ್ಟರನ್ನು ಕೇಳಿ. ಕೇಳಲೇಬೇಕಾದ ಪ್ರಶ್ನೆ ಅದು.

ಹಾಗಾದ್ರೆ ಪ್ರೆಶರ್ ಇನ್ನೂ ಜಾಸ್ತಿ ಮಾಡಿ, ಆಕ್ಸಿಜನ್ ಜಾಸ್ತಿ ಆಗಲ್ವಾ?

ನನ್ನನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ಒಂದು ಹಂತದವರೆಗೆ ಆಗುತ್ತದೆ. ಆಮೇಲೆ ತಿರುಗಿ ಬೀಳುತ್ತದೆ.

ಶ್ವಾಸಕೋಶ ತೀರಾ ಕುಗ್ಗಿದ್ದರೆ ಅದರೊಳಗಿನ ದಪ್ಪ ನಾಳಗಳು ಸೊಟ್ಟಗಾಗಿ ಕಿರಿದಾಗುತ್ತವೆ. ರಕ್ತ ಹರಿಯಲು ಅಡ್ಡಿ. ಪೀಪ್ ಕೊಟ್ಟು ತೆರೆದಾಗ ಆ ಅಡ್ಡಿ ಕಡಿಮೆಯಾಗುತ್ತದೆ. ಆದರೆ ತೀರಾ ಉಬ್ಬಿಸಿದರೆ ಚೀಲದ ಗೋಡೆಯಲ್ಲಿರುವ ಸಣ್ಣ ನಾಳಗಳು ಎಳೆದು ಚಪ್ಪಟೆಯಾಗುತ್ತವೆ. ಮತ್ತೆ ಅಡ್ಡಿ. ಮಾಮೂಲಿ ಉಸಿರು ಬಿಟ್ಟ ಮೇಲೆ ಶ್ವಾಸಕೋಶ ಎಷ್ಟು ಉಬ್ಬಿರುತ್ತದೋ ಅಷ್ಟರಲ್ಲೇ ಅಡ್ಡಿ ಅತಿ ಕಡಿಮೆ.

ಇನ್ನೊಂದು ತೊಂದರೆ ಇದೆ. ಕಾಯಿಲೆ ಬಿದ್ದ ಭಾಗ ಗಟ್ಟಿ, ಅದು ಉಬ್ಬುವುದಿಲ್ಲ. ಒತ್ತಡವೆಲ್ಲ ಚೆನ್ನಾಗಿರುವ ಭಾಗದ ಮೇಲೇ ಬೀಳುತ್ತದೆ. ಅಲ್ಲಿನ ನಾಳಗಳು ಹಿಚುಕಿಕೊಂಡಾಗ ರಕ್ತ ಎಲ್ಲಿಗೆ ಹೋಗಬೇಕು? ಕೆಟ್ಟಿರುವ, ಗಾಳಿ ಇಲ್ಲದ ಭಾಗಕ್ಕೆ ಹೋಗುತ್ತದೆ. ಪೈರಿನ ಗದ್ದೆಯ ತೂಬು ಮುಚ್ಚಿ, ಬೀಳು ಬಿಟ್ಟ ಹೊಲಕ್ಕೆ ನೀರು ಬಿಟ್ಟ ಹಾಗೆ. ಪೀಪ್ ಎರಡು ಏರಿಸಿದ ಮೇಲೆ ಸ್ಯಾಚುರೇಷನ್ (ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟು ತುಂಬಿದೆ ಅನ್ನುವ ಲೆಕ್ಕ) 91ರಿಂದ 87ಕ್ಕೆ ಇಳಿದು, ಮತ್ತೆ ಎರಡು ಇಳಿಸಿದಾಗ ಮೇಲೆ ಬಂದದ್ದನ್ನು ನಾನೇ ಹಾಸಿಗೆ ಪಕ್ಕ ನಿಂತು ನೋಡಿದ್ದೇನೆ.

ಜಾಸ್ತಿ ಉಬ್ಬಿಸುವುದರಿಂದ ಶ್ವಾಸಕೋಶಕ್ಕೇ ಪೆಟ್ಟಾಗುತ್ತದೆ. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಒಂದು ಉಸಿರಿಗೆ ಕೆಜಿಗೆ 12 ಎಂಎಲ್ ಗಾಳಿ ಕೊಟ್ಟವರಲ್ಲಿ ಶೇ. 39.8 ಮಂದಿ ತೀರಿಕೊಂಡಿದ್ದರು. 6 ಎಂಎಲ್ ಕೊಟ್ಟವರಲ್ಲಿ ಶೇ. 31. ಅಲ್ಲಿಂದ ಮುಂದೆ ಸಣ್ಣ ಉಸಿರು, ಉಸಿರು ತುಂಬಿ ನಿಲ್ಲಿಸಿದಾಗಿನ ಒತ್ತಡ (ಪೀಪ್ ಅಳೆಯುವ ಲೆಕ್ಕದಲ್ಲೇ) 30ರ ಒಳಗೆ ಅನ್ನುವುದು ರೂಢಿಯಾಯಿತು.

ವೆಂಟಿಲೇಟರ್ ಹಾಕಿದ ಹತ್ತೇ ನಿಮಿಷಕ್ಕೆ ಬಿಪಿ ಬಿತ್ತು. ಏನಾದ್ರೂ ತಪ್ಪಾಯ್ತಾ?

ಈ ಅನುಮಾನ ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವ ಮನೆಯವರು ಬಹಳ. ಹೀಗಾಗುವುದು ಗೊತ್ತಿರುವ ಸಂಗತಿ, ಕಾರಣವೂ ಇದೆ.

ನಾವು ಸ್ವಂತ ಉಸಿರು ಎಳೆದಾಗ ಎದೆಯೊಳಗೆ ಒತ್ತಡ ಇಳಿಯುತ್ತದೆ. ಗಾಳಿಯ ಜೊತೆ ಕೈಕಾಲು, ಹೊಟ್ಟೆಯ ರಕ್ತವೂ ಹೃದಯದ ಕಡೆ ಎಳೆದುಕೊಂಡು ಬರುತ್ತದೆ. ವೆಂಟಿಲೇಟರ್ ಎಳೆಯುವುದಿಲ್ಲ, ತಳ್ಳುತ್ತದೆ. ಪ್ರತಿ ಉಸಿರಿಗೂ ಎದೆಯೊಳಗೆ ಒತ್ತಡ ಏರುತ್ತದೆ. ವಾಪಸ್ ಬರುವ ರಕ್ತಕ್ಕೆ ಬಾಗಿಲು ಅರ್ಧ ಮುಚ್ಚಿದ ಹಾಗೆ. ಬಂದಿದ್ದೇ ಕಡಿಮೆಯಾದರೆ ಹೃದಯ ಹೊರಗೆ ತಳ್ಳುವುದೂ ಕಡಿಮೆ. ಜೊತೆಗೆ ಉಬ್ಬಿದ ಶ್ವಾಸಕೋಶದ ಮೂಲಕ ರಕ್ತ ನೂಕಲು ಹೃದಯದ ಬಲಭಾಗ ಜಾಸ್ತಿ ಕಷ್ಟಪಡಬೇಕು. ನಿದ್ದೆಗೆ ಕೊಡುವ ಔಷಧಿಯೂ ಬಿಪಿ ಇಳಿಸುತ್ತದೆ. ಮೂರೂ ಒಟ್ಟಿಗೆ ಬರುತ್ತವೆ.

ಮೈಯಲ್ಲಿ ನೀರು ಒಣಗಿದ್ದವರಿಗೆ ಇದು ಜೋರಾಗಿ ಆಗುತ್ತದೆ. ಎರಡು ದಿನ ವಾಂತಿ ಭೇದಿಯಲ್ಲಿ ಮನೆಯಲ್ಲೇ ಇದ್ದು ಬಂದವರು, ರಕ್ತ ಹೋದವರು. ಅವರಿಗೆ ಪೀಪ್ 8 ಅಂದರೂ ಝೋನ್ ಒಂದು ದೊಡ್ಡದಾಗುತ್ತದೆ. ಹಾಗಾಗಿ ಡ್ರಿಪ್ ಕೊಡುತ್ತೇವೆ, ಬಿಪಿ ಹಿಡಿದಿಡಲು ನಾರ್‌ಅಡ್ರಿನಲಿನ್ ಹಚ್ಚುತ್ತೇವೆ, ಒತ್ತಡ ತಗ್ಗಿಸಲು ಆಗುತ್ತಾ ಅಂತ ನೋಡುತ್ತೇವೆ. ರೋಗಿಯನ್ನು ಕರೆತರುವಾಗ ಎಷ್ಟು ದಿನದಿಂದ ಊಟ ನೀರು ಬಿಟ್ಟಿದ್ದಾರೆ, ಮೂತ್ರ ಯಾವಾಗ ಹೋಗಿತ್ತು ಅಂತ ಸರಿಯಾಗಿ ಹೇಳಿ. ಇಲ್ಲಿ ಅದು ನೇರವಾಗಿ ಕೆಲಸಕ್ಕೆ ಬರುತ್ತದೆ.

ಇದೇ ಒತ್ತಡ ಕೆಲವರಿಗೆ ಔಷಧಿಯೂ ಹೌದು. ಹಾರ್ಟ್ ಫೇಲ್ಯೂರ್ ಆಗಿ ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಬರುವ ರಕ್ತ ಸ್ವಲ್ಪ ಕಡಿಮೆಯಾಗುವುದು, ಎಡ ಹೃದಯದ ಹೊರೆ ಇಳಿಯುವುದು ಎರಡೂ ಒಳ್ಳೆಯದೇ.

"ಸಿಸ್ಟರ್, ನಮ್ಮಪ್ಪನ್ನ ಮಕಾಡೆ ಹಾಕವ್ರೆ, ಉಸ್ರು ಕಟ್ಟಾಕಿಲ್ವಾ?"

ಮಳವಳ್ಳಿ ಕಡೆಯ ಒಬ್ಬ ಹುಡುಗ ಕೇಳಿದ್ದು ಇದೇ ಮಾತಲ್ಲಿ. ಗಾಜಿನ ಆಚೆಯಿಂದ ಅಪ್ಪ ಮಕಾಡೆ ಮಲಗಿದ್ದನ್ನು ನೋಡಿ ಅವನ ಕೈ ನಡುಗುತ್ತಿತ್ತು.

ಅಂಗಾತ ಮಲಗಿದವರಲ್ಲಿ ಬೆನ್ನಿನ ಕಡೆಯ ಶ್ವಾಸಕೋಶದ ಮೇಲೆ ಏನೇನು ಭಾರ ಇದೆ ನೋಡಿ. ಒದ್ದೆಯಾದ ಶ್ವಾಸಕೋಶದ್ದೇ ಭಾರ, ಹೃದಯದ ಭಾರ, ಕೆಳಗಿನಿಂದ ಹೊಟ್ಟೆ ಒತ್ತುವುದು. ಎಲ್ಲ ಸೇರಿ ಬೆನ್ನಿನ ಕಡೆಯ ಚೀಲಗಳು ಮುಚ್ಚಿಹೋಗುತ್ತವೆ. ಗಾಳಿ ಎದೆಯ ಕಡೆ, ರಕ್ತ ಬೆನ್ನಿನ ಕಡೆ. ಪೈರು ಒಂದು ಕಡೆ, ನೀರು ಒಂದು ಕಡೆ.

ಬೋರಲು ಹಾಕಿದಾಗ ಹೃದಯ ಎದೆಮೂಳೆಯ ಮೇಲೆ ಕೂರುತ್ತದೆ, ಬೆನ್ನಿನ ಕಡೆಯ ಭಾರ ಇಳಿಯುತ್ತದೆ, ಮುಚ್ಚಿದ್ದ ಚೀಲಗಳು ತೆರೆಯುತ್ತವೆ. ಹಾಗಾದರೆ ರಕ್ತವೂ ಕೆಳಗೆ, ಎದೆಯ ಕಡೆಗೆ ಇಳಿದುಬಿಡುವುದಿಲ್ಲವಾ? ಪೂರ್ತಿ ಇಳಿಯುವುದಿಲ್ಲ. ರಕ್ತನಾಳಗಳ ಕವಲುಗಳು ಹುಟ್ಟಿನಿಂದಲೇ ಬೆನ್ನಿನ ಕಡೆಗೆ ಜಾಸ್ತಿ ರಕ್ತ ಹೋಗುವಂತೆ ಇವೆ. ಬೋರಲಾದರೂ ಬಹಳಷ್ಟು ರಕ್ತ ಅಲ್ಲೇ ಹರಿಯುತ್ತದೆ. ರಕ್ತ ಇದ್ದಲ್ಲಿಗೇ ಈಗ ಗಾಳಿ ಬರುತ್ತದೆ. ಬರೀ ಭೂಮಿಯ ಸೆಳೆತದ ಲೆಕ್ಕ ಇಟ್ಟುಕೊಂಡರೆ ಇದು ಅರ್ಥವಾಗುವುದಿಲ್ಲ. ನನಗೂ ಮೊದಲು ಅರ್ಥವಾಗಿರಲಿಲ್ಲ.

2013ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್‌ನ ಐಸಿಯುಗಳ 466 ರೋಗಿಗಳ ಅಧ್ಯಯನ ಪ್ರಕಟವಾಯಿತು. ಶ್ವಾಸಕೋಶ ತೀರಾ ಕೆಟ್ಟಿದ್ದವರು. ಸಲಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ 28 ದಿನಗಳೊಳಗೆ ತೀರಿಕೊಂಡವರು ಶೇ. 16. ಅಂಗಾತವೇ ಇದ್ದವರಲ್ಲಿ ಶೇ. 32.8. ಆಕ್ಸಿಜನ್ ಏರುವುದೊಂದೇ ಇದಕ್ಕೆ ಕಾರಣ ಅಲ್ಲ. ವೆಂಟಿಲೇಟರಿನ ಹಿಗ್ಗು ಶ್ವಾಸಕೋಶದ ತುಂಬ ಸಮನಾಗಿ ಹಂಚಿಹೋಗುವುದರಿಂದ ಪೆಟ್ಟು ಕಡಿಮೆ.

ಹೊರಳಿಸುವುದು ಹೇಗೆ ಅಂತ ಹೇಳುತ್ತೇನೆ, ಭಯ ಕಡಿಮೆಯಾಗಬಹುದು. ಐದಾರು ಜನ ಬೇಕು. ತಲೆಯ ಹತ್ತಿರ ಡಾಕ್ಟರ್ ನಿಂತು ಬಾಯಿಯ ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಬೇರೆ ಯಾರೂ ಮಾತಾಡುವಂತಿಲ್ಲ, ಎಣಿಸುವುದು ಅವರೇ. ಕಣ್ಣಿಗೆ ಮುಲಾಮು ಹಚ್ಚಿ ರೆಪ್ಪೆಗೆ ಟೇಪ್ ಹಾಕಿರುತ್ತೇವೆ. ಇಸಿಜಿ ಸ್ಟಿಕ್ಕರ್‌ಗಳನ್ನು ಎದೆಯಿಂದ ಬೆನ್ನಿಗೆ ಬದಲಾಯಿಸುತ್ತೇವೆ. ಮೇಲೊಂದು ಕೆಳಗೊಂದು ಬೆಡ್‌ಶೀಟ್ ಇಟ್ಟು, ಅಂಚುಗಳನ್ನು ಒತ್ತಿ ಸುತ್ತಿ, ಒಂದು ಕಡೆ ಜರುಗಿಸಿ, ಮಗ್ಗುಲು ಮಾಡಿ, ಆಮೇಲೆ ಬೋರಲು. ಎದೆಗೆ, ಸೊಂಟಕ್ಕೆ ದಿಂಬು. ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಈಜುವವರ ಹಾಗೆ. ಮುಖವನ್ನು ಎರಡು ಗಂಟೆಗೊಮ್ಮೆ ತಿರುಗಿಸುತ್ತೇವೆ. ಇಷ್ಟಾದರೂ ಮುಖ ಊದಿಕೊಳ್ಳುತ್ತದೆ, ಕೆನ್ನೆ ಗಲ್ಲದಲ್ಲಿ ಚರ್ಮ ಕೆಂಪಾಗುತ್ತದೆ. ಊತ ಬಹುಮಟ್ಟಿಗೆ ಇಳಿಯುತ್ತದೆ. ಆ ಹುಡುಗನಿಗೆ ಇದನ್ನು ಮೊದಲೇ ಹೇಳದೆ ಒಳಗೆ ಬಿಟ್ಟದ್ದು ನಮ್ಮ ತಪ್ಪು. ಅಪ್ಪನ ಮುಖ ನೋಡಿ ಅವನು ಗೋಡೆ ಹಿಡಿದು ಕೂತುಬಿಟ್ಟ. ಅವತ್ತಿನಿಂದ ನಾನು ಬಾಗಿಲಲ್ಲೇ ಹೇಳಿ ಒಳಗೆ ಕರೆಯುತ್ತೇನೆ.

ನ್ಯುಮೋನಿಯಾ ಬಲಗಡೆ ಮಾತ್ರ ಇದೆ. ಯಾವ ಮಗ್ಗುಲಿಗೆ ಮಲಗಿಸೋದು?

ದೊಡ್ಡವರಲ್ಲಿ ಸಾಮಾನ್ಯವಾಗಿ ಚೆನ್ನಾಗಿರುವ ಶ್ವಾಸಕೋಶ ಕೆಳಗೆ. ರಕ್ತ ಕೆಳಗಿಳಿಯುತ್ತದೆ, ಗಾಳಿ ಚೆನ್ನಾಗಿ ಆಡುವುದೂ ಅಲ್ಲೇ.

ಮೈಗೂ ತನ್ನದೇ ಒಂದು ಉಪಾಯ ಇದೆ. ನಮ್ಮ ನಾಲೆಗಳಲ್ಲಿ ನೀರುಗಂಟಿ ಇರುತ್ತಾರಲ್ಲ, ಯಾವ ತೂಬು ಎಷ್ಟು ಎತ್ತಬೇಕು ಅಂತ ನೋಡುವವರು. ಹಾಗೆ ಗಾಳಿ ಇಲ್ಲದ ಭಾಗದ ರಕ್ತನಾಳಗಳು ತಾವಾಗಿಯೇ ಬಿಗಿಯಾಗಿ, ರಕ್ತವನ್ನು ಗಾಳಿ ಇರುವ ಕಡೆ ತಿರುಗಿಸುತ್ತವೆ. ಸ್ವೀಡನ್ನಿನ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ 1946ರಲ್ಲಿ ಬೆಕ್ಕುಗಳಲ್ಲಿ ಇದನ್ನು ತೋರಿಸಿದರು. ಸೋಂಕು ಜೋರಾಗಿದ್ದರೆ ಈ ನೀರುಗಂಟಿ ಕೆಲಸ ಬಿಡುತ್ತಾನೆ. ಆಗ ಮಗ್ಗುಲು ಬದಲಿಸುವುದೇ ಆಸರೆ.

ಎರಡು ಸಂದರ್ಭಗಳಲ್ಲಿ ಈ ನಿಯಮ ತಿರುಗುಮುರುಗು. ಶ್ವಾಸಕೋಶದಿಂದ ರಕ್ತ ಬರುತ್ತಿದ್ದರೆ ಆ ಕೆಟ್ಟ ಕಡೆಯೇ ಕೆಳಗಿರಬೇಕು, ಇಲ್ಲದಿದ್ದರೆ ರಕ್ತ ಚೆನ್ನಾಗಿರುವ ಕಡೆಗೆ ಇಳಿಯುತ್ತದೆ. ಎಳೇ ಕೂಸುಗಳಲ್ಲಿ ಎದೆಗೂಡು ಮೆತ್ತಗೆ, ಕೆಳಗಿನ ಶ್ವಾಸಕೋಶ ಸುಲಭವಾಗಿ ಮುಚ್ಚಿಕೊಳ್ಳುತ್ತದೆ. ಅವರಲ್ಲಿ ಚೆನ್ನಾಗಿರುವ ಕಡೆ ಮೇಲಿರುವುದೇ ವಾಸಿ.

ತಲೆ ಕಡೆ ಯಾವಾಗಲೂ ಎತ್ತರ ಇಟ್ಟಿರ್ತೀರಿ, ಪಾಪ ಜಾರುತ್ತಾರೆ. ಚಪ್ಪಟೆ ಮಾಡಬಾರದಾ?

30ರಿಂದ 45 ಡಿಗ್ರಿ ಎತ್ತರ ಇಡುವುದು ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯದಿರಲಿ ಅಂತ. ಹೊಟ್ಟೆಯ ಭಾರವೂ ಎದೆಗೆ ತಾಗುವುದಿಲ್ಲ. ಬಿಪಿ ತೀರಾ ಬಿದ್ದಾಗ ಸ್ವಲ್ಪ ಹೊತ್ತು ಇಳಿಸುತ್ತೇವೆ. ಜಾರಿದ್ದರೆ ನಮ್ಮನ್ನು ಕೂಗಿ, ಖಂಡಿತ ಬೇಜಾರು ಮಾಡಿಕೊಳ್ಳುವುದಿಲ್ಲ. ಜಾರಿ ಸೊಂಟ ಮಡಚಿಕೊಂಡರೆ ಹೊಟ್ಟೆ ಎದೆಗೆ ಒತ್ತಿ, ಎತ್ತರ ಇಟ್ಟ ಲಾಭವೇ ಹೋಗುತ್ತದೆ.

ಹಾವು ಕಚ್ಚಿ ವೆಂಟಿಲೇಟರ್‌ನಲ್ಲಿ ಇದ್ದಾರೆ. ಇವರಿಗೂ ಇದೆಲ್ಲ ಬೇಕಾ?

ನಾಗರಹಾವು, ಕಟ್ಟುಹಾವಿನ ವಿಷಕ್ಕೆ ಉಸಿರಾಟದ ಸ್ನಾಯುಗಳು ಸೋಲುತ್ತವೆ, ಶ್ವಾಸಕೋಶ ಚೆನ್ನಾಗೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ ಪೀಪ್ 5 ಸಾಕು, ಬೋರಲು ಹಾಕುವ ಪ್ರಶ್ನೆ ಬರುವುದಿಲ್ಲ.

ಎತ್ತರ ಎಷ್ಟು ಅಂತ ಯಾಕೆ ಕೇಳ್ತೀರಿ? ತೂಕ ಗೊತ್ತಿದ್ದರೆ ಸಾಲದಾ?

ಸಾಲದು. ಮನುಷ್ಯ ದಪ್ಪ ಆದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಅದರ ಅಳತೆ ಎತ್ತರದ ಮೇಲೆ ನಿಂತಿದೆ. 165 ಸೆಂ.ಮೀ. ಎತ್ತರದ ಗಂಡಸು 90 ಕೆಜಿ ಇದ್ದರೂ ನಾವು ಲೆಕ್ಕಕ್ಕೆ ಹಿಡಿಯುವುದು 61-62 ಕೆಜಿ. ಕೆಜಿಗೆ 6 ಎಂಎಲ್‌ನಂತೆ ಒಂದು ಉಸಿರಿಗೆ ಸುಮಾರು 370 ಎಂಎಲ್. ಅವರ 90 ಕೆಜಿಗೆ ಲೆಕ್ಕ ಹಾಕಿದ್ದರೆ 540 ಆಗುತ್ತಿತ್ತು.

ಮನೆಯಲ್ಲಿ ಉಸಿರಾಟ ಕಷ್ಟ ಆದಾಗ ನಾವೇ ಬೋರಲು ಮಲಗಿಸಬಹುದಾ?

2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿಗೆ, ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಹೇಳಿತ್ತು. ಸ್ಯಾಚುರೇಷನ್ 94ಕ್ಕಿಂತ ಇಳಿದರೆ ದಿಂಬುಗಳನ್ನಿಟ್ಟು ಬೋರಲು ಮಲಗಿ ಅಂತ. ಊಟವಾದ ಒಂದು ಗಂಟೆ ಬೇಡ, ಗರ್ಭಿಣಿಯರಿಗೆ ಬೇಡ, ದೊಡ್ಡ ಹೃದಯದ ಕಾಯಿಲೆ ಇದ್ದವರಿಗೆ, ಬೆನ್ನುಮೂಳೆ, ತೊಡೆಮೂಳೆ, ಸೊಂಟದ ಮೂಳೆ ಮುರಿದವರಿಗೆ ಬೇಡ ಅಂತಲೂ ಹೇಳಿತ್ತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಇದು ಸಹಾಯ. ಹೋಗುವುದನ್ನು ತಡಮಾಡಲು ನೆಪ ಮಾಡಿಕೊಳ್ಳಬೇಡಿ.

ಒಳಗೆ ಬಂದಾಗ ದಿಂಬು ಸರಿ ಮಾಡಬಹುದಾ? ಮುಟ್ಟಬಹುದಾ?

ದಿಂಬು ಮುಟ್ಟಬೇಡಿ. ಯಾವ ದಿಂಬು ಎಲ್ಲಿದೆ ಅನ್ನುವುದಕ್ಕೆ ಕಾರಣ ಇರುತ್ತದೆ. ನಮ್ಮನ್ನು ಕರೆಯಿರಿ, ಜೊತೆಗೇ ನಿಂತು ಸರಿ ಮಾಡೋಣ. ಕೈ ತೊಳೆದುಕೊಂಡು ಅವರನ್ನು ಖಂಡಿತ ಮುಟ್ಟಿ. ಬೋರಲು ಇದ್ದಾಗ ಮುಖದ ಪಕ್ಕ ಮೇಲೆ ಚಾಚಿರುವ ಕೈ ಇರುತ್ತದಲ್ಲ, ಅದನ್ನು ಇದ್ದಲ್ಲೇ ಹಿಡಿದುಕೊಳ್ಳಿ, ಎಳೆಯಬೇಡಿ. ಕಿವಿಯ ಹತ್ತಿರ ಬಾಗಿ, ಮನೆಯಲ್ಲಿ ಕರೆಯುವ ಹಾಗೇ ಕರೆದು ಮಾತಾಡಿ.